ಹತ್ತೊಂಬತ್ತನೆಯ ಗಂಟು

ಆಕಾಶದಿಂದ ಬೀಳುವವರನ್ನು ಹಿಡಿಯುವುದು ದೇವರ ಕೆಲಸ ಎಂದುಕೊಂಡವರು ಗಂಟಕ್ಕನ ಕೆಲಸದ ಜಾಗವನ್ನು ಒಮ್ಮೆ ನೋಡಬೇಕಿತ್ತು. ನಲವತ್ತು ಹೆಜ್ಜೆ ಉದ್ದದ ಒಂದು ಮೇಜು, ಅದರ ಮೇಲೆ ಕಿತ್ತಳೆ ಬಣ್ಣದ ಬಟ್ಟೆಯ ರಾಶಿ, ಎರಡೂ ಬದಿಗೆ ತಲೆಗೆ ಟೋಪಿ ಹಾಕಿಕೊಂಡ ಆರು ಜನ ಹೆಂಗಸರು, ಗೋಡೆಯ ಮೇಲೆ ಐದು ನಿಮಿಷ ಮುಂದೆ ಓಡುವ ಒಂದು ಗಡಿಯಾರ. ಬಾಹ್ಯಾಕಾಶಕ್ಕೆ ಹೋದ ನೌಕೆ ಭೂಮಿಗೆ ಮರಳುವಾಗ ಕೊನೆಯ ಗಳಿಗೆಯಲ್ಲಿ ಬಿಚ್ಚಿಕೊಳ್ಳುವ ಪ್ಯಾರಾಚೂಟನ್ನು ಅಲ್ಲಿ ಮಡಿಸುತ್ತಿದ್ದರು. ಕಾಗದಪತ್ರಗಳಲ್ಲಿ ಅದಕ್ಕೆ ಒಂದೂವರೆ ಸಾಲಿನ ಹೆಸರಿತ್ತು. ಹೆಂಗಸರು ಅದನ್ನು ಕೊಡೆ ಎನ್ನುತ್ತಿದ್ದರು, ಎಂಜಿನಿಯರುಗಳೂ ಗಡಿಬಿಡಿಯಲ್ಲಿದ್ದಾಗ ಹಾಗೇ ಅನ್ನುತ್ತಿದ್ದರು.

ಗಂಟಕ್ಕನಿಗೆ ಐವತ್ತಾರು ವರ್ಷ. ಅವಳ ತಾಯಿ ಲಾರಿಗಳಿಗೆ ಟಾರ್ಪಾಲಿನ್ ಹೊಲಿಯುತ್ತಿದ್ದವಳು. ಹತ್ತನೇ ವಯಸ್ಸಿಗೇ ಮಗಳು ಲಾರಿಯ ಮೇಲೆ ಹತ್ತಿ ಹಗ್ಗ ಬಿಗಿಯುತ್ತಿದ್ದಳು. ಬಿರುಗಾಳಿಗೆ ಲಾರಿ ಮಗುಚಿದರೂ ಈ ಹುಡುಗಿ ಹಾಕಿದ ಗಂಟು ಬಿಚ್ಚುವುದಿಲ್ಲ ಎಂದು ಯಾವನೋ ಡ್ರೈವರ್ ಅಂದದ್ದೇ ನೆಪ, ಹೆಸರು ಅಂಟಿಕೊಂಡಿತು. ಇಪ್ಪತ್ತು ವರ್ಷದ ಹಿಂದೆ ದೊಡ್ಡ ಬಟ್ಟೆ ನಿಭಾಯಿಸಲು ಗೊತ್ತಿರುವವರು ಬೇಕೆಂದು ಬಾಹ್ಯಾಕಾಶ ಸಂಸ್ಥೆಯವರು ಕರೆದಾಗ ಅವಳೂ ಹೋದಳು. ಸಂದರ್ಶನದಲ್ಲಿ ಕೂತಿದ್ದ ಮೂವರು ಏನು ಓದಿದ್ದೀರಿ ಎಂದು ಕೇಳಿದರಂತೆ. ಇವಳು ಮೇಜಿನ ಮೇಲಿದ್ದ ಕಡತದ ದಾರವನ್ನೇ ಬಿಚ್ಚಿ, ಮತ್ತೆ ಕಟ್ಟಿ, ಈಗ ಬಿಚ್ಚಿ ನೋಡಿ ಎಂದಳಂತೆ. ಮೂವರೂ ಸೋತರು, ಕಡತವನ್ನು ಕತ್ತರಿ ಹಾಕಿ ತೆರೆಯಬೇಕಾಯಿತು. ಕೆಲಸ ಸಿಕ್ಕಿತು.

ಕೊಡೆ ಮಡಿಸುವುದಕ್ಕೆ ಒಂದು ಕ್ರಮವಿದೆ. ಆ ಬಟ್ಟೆ ಕೈಯಲ್ಲಿ ಹಿಡಿದ ಮೀನಿನ ಹಾಗೆ ಜಾರುತ್ತದೆ. ಒಂದು ಮಡಿಕೆ ಕೂರಿಸುವಷ್ಟರಲ್ಲಿ ಹಿಂದಿನದು ಎದ್ದು ಬರುತ್ತದೆ. ಅದಕ್ಕೇ ಹದಿನೆಂಟು ಕಡೆ ಕೆಂಪು ಲಾಡಿಯಿಂದ ತಾತ್ಕಾಲಿಕವಾಗಿ ಕಟ್ಟಿಕೊಂಡು, ಎಲ್ಲ ಮಡಿಕೆ ಕೂತ ಮೇಲೆ ಒಂದೊಂದಾಗಿ ಬಿಚ್ಚಿ, ಗೋಡೆಯ ಹಲಗೆಗೆ ಹೊಡೆದ ಹದಿನೆಂಟು ಮೊಳೆಗಳಿಗೆ ಸಿಕ್ಕಿಸುತ್ತಾರೆ. ಪಕ್ಕದಲ್ಲಿ ಒಬ್ಬಳು ಪಟ್ಟಿ ಹಿಡಿದು ನಿಂತು, ಒಂದು, ಎರಡು ಎಂದು ಕೂಗಿ, ಕಣ್ಣಾರೆ ಕಂಡು, ಗುರುತು ಹಾಕಬೇಕು. ಹಲಗೆ ತುಂಬಿದ ಮೇಲೆ ಇಬ್ಬರೂ ಸಹಿ ಹಾಕುತ್ತಾರೆ. ಆಮೇಲೆ ಯಂತ್ರ ಆ ಬಟ್ಟೆಯನ್ನೆಲ್ಲ ಒತ್ತಿ ಒತ್ತಿ ಮರದ ದಿಮ್ಮಿಯಷ್ಟು ಗಟ್ಟಿ ಮಾಡಿ ಚೀಲಕ್ಕೆ ತುಂಬುತ್ತದೆ. ಒಳಗೆ ಒಂದು ಲಾಡಿ ಉಳಿದರೂ ಕೊಡೆ ಅರಳುವುದಿಲ್ಲ. ಕ್ಷಕಿರಣದಲ್ಲಿ ನೋಡುತ್ತಾರೆ, ನಿಜ. ಆದರೆ ಅದಕ್ಕೆ ಕಾಣುವುದು ಕಬ್ಬಿಣ, ಬಟ್ಟೆಯೊಳಗಿನ ಬಟ್ಟೆಯಲ್ಲ.

ಪಟ್ಟಿ ಹಿಡಿದು ನಿಲ್ಲುತ್ತಿದ್ದವಳು ಗಂಟಕ್ಕನ ನಾದಿನಿ, ಗಂಡನ ತಂಗಿ. ತನ್ನ ಗಂಡ ತೀರಿಕೊಂಡು, ಮಗಳನ್ನು ಕಟ್ಟಿಕೊಂಡು ದಿಕ್ಕು ಕಾಣದೆ ಕೂತಿದ್ದವಳನ್ನು ಗಂಟಕ್ಕನೇ ಈ ಕೆಲಸಕ್ಕೆ ಸೇರಿಸಿದ್ದಳು. ಅತ್ತಿಗೆ ನಾದಿನಿ ಹಾವು ಮುಂಗುಸಿ ಎನ್ನುವುದು ಲೋಕದ ಮಾತು. ಇವರಿಬ್ಬರು ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು.

ಇನ್ನು ಆ ಹತ್ತೊಂಬತ್ತನೆಯದು. ಏಳನೆಯ ಮತ್ತು ಎಂಟನೆಯ ಕಟ್ಟಿನ ನಡುವೆ, ಕೊಡೆಯ ನೆತ್ತಿಯ ಹತ್ತಿರ, ಬಟ್ಟೆ ಬಹಳ ಜಾರುತ್ತಿತ್ತು. ಟಾರ್ಪಾಲಿನ್ ಕಟ್ಟಿದ ಕೈಗೆ ಅದನ್ನು ಹಾಗೆ ಬಿಡಲು ಮನಸ್ಸಾಗದು. ಕೆಂಪು ಲಾಡಿ ಉಗ್ರಾಣದಿಂದ ಎಣಿಸಿ ಬರುವುದು ಹದಿನೆಂಟೇ. ಹಾಗಾಗಿ ಗಂಟಕ್ಕ ಹೊಲಿಗೆಯಲ್ಲಿ ಮಿಕ್ಕ ಬಿಳಿ ಲಾಡಿಯ ತುಂಡೊಂದನ್ನು ಅಲ್ಲಿ ಕಟ್ಟುತ್ತಿದ್ದಳು. ಏಳನೆಯದನ್ನು ಬಿಚ್ಚಿದ ಮೇಲೆ ಅದನ್ನೂ ಬಿಚ್ಚಿ, ಮೇಜಿನ ತುದಿಯ ಕಸದ ಡಬ್ಬಿಗೆ ಎಸೆದು, ಎಂಟನೆಯದಕ್ಕೆ ಕೈ ಹಾಕುತ್ತಿದ್ದಳು. ಒಮ್ಮೆ ಒಬ್ಬ ಎಂಜಿನಿಯರಿಗೆ ಹೇಳಿಯೂ ನೋಡಿದ್ದಳು. ಆತ ಅರ್ಜಿ ಬರೆಯಬೇಕು, ನಕ್ಷೆ ಬದಲಿಸಬೇಕು, ಮೂರು ಪರೀಕ್ಷೆ ಆಗಬೇಕು, ಎಂಟು ತಿಂಗಳಾದರೂ ಬೇಕು ಎಂದ. ಸಹವಾಸವೇ ಬೇಡವೆಂದು ಇವಳು ಸುಮ್ಮನಾದಳು. ಆ ಗಂಟು ಹಾಕುವಾಗ ನಾದಿನಿ ಕಂಡೂ ಕಾಣದವಳಂತೆ ಕಿಟಕಿಯ ಕಡೆ ನೋಡುತ್ತಿದ್ದಳು. ಇಪ್ಪತ್ತಾರು ಕೊಡೆಗಳು ಹಾಗೆ ಮಡಿಸಲ್ಪಟ್ಟು ಇಪ್ಪತ್ತಾರೂ ಚೆನ್ನಾಗಿ ಅರಳಿದ್ದವು. ನೂರು ಸಲ ಸರಿಯಾದ ಕೆಲಸವನ್ನು ಯಾರೂ ತಪ್ಪು ಎಂದುಕೊಳ್ಳುವುದಿಲ್ಲ, ಅದೇ ಅದರಲ್ಲಿರುವ ಅಪಾಯ.

ಇಪ್ಪತ್ತೇಳನೆಯದು ಮನುಷ್ಯರನ್ನು ಹೊತ್ತ ನೌಕೆಗೆ ಹೋಯಿತು. ಇಬ್ಬರು ಗಂಡಸರು, ಅವರ ನಾಯಕಿಯಾಗಿ ಒಬ್ಬ ಹೆಂಗಸು. ಚಂದ್ರನನ್ನು ಸುತ್ತು ಹಾಕಿ ಹತ್ತನೆಯ ದಿನ ಬಯಲಿನಲ್ಲಿ ಬಂದಿಳಿಯಬೇಕು. ನೌಕೆ ಹಾರಿದ ದಿನ ಕೊಡೆ ಮಡಿಸುವ ಹಾಲ್‌ನಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು, ಸಿಹಿ ಹಂಚಿದರು, ಮರುದಿನ ಮುಂದಿನ ಕೊಡೆಯನ್ನು ಮೇಜಿಗೆ ತಂದರು.

ಆರನೆಯ ದಿನ ಮಧ್ಯಾಹ್ನ ಗಂಟಕ್ಕ ಆ ಹೊಸ ಕೊಡೆಯ ಏಳನೆಯ ಲಾಡಿ ಬಿಚ್ಚಿದಳು, ಬಿಳಿಯದನ್ನು ಬಿಚ್ಚಿದಳು, ನಡೆದುಹೋಗಿ ಕಸದ ಡಬ್ಬಿಯ ಪೆಡಲ್ ತುಳಿದಳು. ಮುಚ್ಚಳ ತೆರೆಯಿತು. ಅವಳ ಕೈ ಅಲ್ಲೇ ನಿಂತಿತು. ಕಳೆದ ಸಲ ಈ ಪೆಡಲ್ ತುಳಿದ ನೆನಪು ಅವಳಿಗಿರಲಿಲ್ಲ.

ನಿಂತಲ್ಲೇ ಆ ದಿನವನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನೆನೆದಳು. ಅವತ್ತು ಏಳನೆಯದನ್ನು ಬಿಚ್ಚಿ ಹಲಗೆಗೆ ಸಿಕ್ಕಿಸುವ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ಆ ಮೂವರು ಒಳಗೆ ಬಂದಿದ್ದರು, ತಮ್ಮ ಕೊಡೆಯನ್ನು ನೋಡಲು. ಹಿಂದೆ ಕ್ಯಾಮೆರಾದವರು. ನಾಯಕಿ ಕೈಗವಸು ತೆಗೆದು ಗಂಟಕ್ಕನ ಕೈ ಹಿಡಿದುಕೊಂಡು, ಇದು ಬಿಚ್ಚುತ್ತೆ ತಾನೇ ಅಮ್ಮಾ ಎಂದು ನಗುತ್ತ ಕೇಳಿದ್ದಳು. ನಾನು ಮಡಿಸಿದ್ದು ಬಿಚ್ಚದೆ ಇರುತ್ತಾ ಎಂದು ಇವಳೂ ನಕ್ಕಿದ್ದಳು. ಅವರು ಹೋದ ಮೇಲೆ ನಾದಿನಿ ಪಟ್ಟಿ ನೋಡಿ "ಎಂಟು" ಎಂದಳು. ಇವಳು ಎಂಟನೆಯದನ್ನು ಬಿಚ್ಚಿದಳು. ನಡುವೆ ಬೇರೆ ಏನು ಮಾಡಿದೆ? ಎಷ್ಟು ತಡಕಿದರೂ ಆ ಜಾಗದಲ್ಲಿ ನಾಯಕಿಯ ಬೆಚ್ಚನೆಯ ಕೈಯೊಂದೇ ಸಿಕ್ಕಿತು.

ಆ ದಿನದ ಫೋಟೋಕ್ಕೆ ಕಟ್ಟು ಹಾಕಿಸಿ ಬಾಗಿಲ ಪಕ್ಕ ತೂಗುಹಾಕಿದ್ದರು. ಗಂಟಕ್ಕ ಹೋಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಅವಳು ಹಲ್ಲು ಬಿಟ್ಟು ನಗುತ್ತಿದ್ದಾಳೆ. ಅವಳ ಎಡಗೈಯ ಪಕ್ಕ, ಕಿತ್ತಳೆ ಬಟ್ಟೆಯ ಮೇಲೆ, ಅಕ್ಕಿಕಾಳಿನಷ್ಟು ಬಿಳಿ. ಆಮೇಲೆ ಬಿಚ್ಚಿರಬಹುದು. ಬಿಚ್ಚದೆಯೂ ಇರಬಹುದು. ಫೋಟೋ ಅಷ್ಟರ ಮುಂದೆ ಏನನ್ನೂ ಹೇಳಲಿಲ್ಲ.

ಹೆದರಿಕೆ ಎಂದರೆ ಏನೆಂದು ಗಂಟಕ್ಕನಿಗೆ ಅವತ್ತು ಗೊತ್ತಾಯಿತು. ಹೆರಿಗೆಯಲ್ಲಿ ಹೆದರಿದ್ದಳು, ಗಂಡನ ಬಸ್ಸು ಹಳ್ಳಕ್ಕೆ ಬಿದ್ದಾಗ ಹೆದರಿದ್ದಳು. ಅವೆಲ್ಲ ಬಂದು ಹೋದ ಹೆದರಿಕೆಗಳು. ಇದು ಹೊಟ್ಟೆಯೊಳಗೆ ಕೂತು ಎಣಿಸತೊಡಗಿತು: ಇನ್ನು ನಾಲ್ಕು ದಿನ. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯಿಂದ ಹಗಲು ಚಂದ್ರ ಕಂಡ. ಬೇರೆ ದಿನವಾಗಿದ್ದರೆ ನೋಡುತ್ತಿದ್ದಳೋ ಇಲ್ಲವೋ. ಅವತ್ತು ಕಣ್ಣು ಮುಚ್ಚಿಕೊಂಡಳು.

ಸಂಜೆ ನಾದಿನಿ ಮನೆಗೆ ಬಂದಳು. ಅವಳಿಗೆ ಅತ್ತಿಗೆಯ ಮುಖ ನೋಡಿಯೇ ಅನುಮಾನ ಬಂದಿತ್ತು. ಗಂಟಕ್ಕ ಅಡುಗೆಮನೆಯ ಬಾಗಿಲು ಹಾಕಿ ಎಲ್ಲ ಹೇಳಿದಳು. ನಾದಿನಿ ಬಹಳ ಹೊತ್ತು ಒಲೆಯ ಕಟ್ಟೆಯನ್ನು ಒರೆಸಿದ್ದನ್ನೇ ಒರೆಸಿದಳು.

"ಹತ್ತೊಂಬತ್ತು ಅಂತ ಯಾವುದೂ ಇಲ್ಲ ಅತ್ತಿಗೆ," ಎಂದಳು ಕೊನೆಗೆ. "ಪಟ್ಟಿಯಲ್ಲಿ ಹದಿನೆಂಟು. ಹದಿನೆಂಟೂ ಮೊಳೆ ಮೇಲಿದ್ವು. ನಾನೇ ನೋಡಿದ್ದೀನಿ, ಸಹಿ ಹಾಕಿದ್ದೀನಿ."

"ನೀನು ಕಿಟಕಿ ನೋಡ್ತಿದ್ದೆ ಕಣೇ."

"ಇಪ್ಪತ್ತು ವರ್ಷದಿಂದ ಬಿಚ್ಚಿರೋ ಕೈ ಅದು. ಅವತ್ತೊಂದು ದಿನ ಮರೀತದಾ? ಇಲ್ಲದ್ದನ್ನ ಮೈಮೇಲೆ ಎಳ್ಕೋಬೇಡಿ. ನಿಮ್ಮ ಜೊತೆ ನಾನೂ ಹೋಗ್ತೀನಿ. ನನ್ನ ಮಗಳ ಓದು ಇನ್ನೂ ಎರಡು ವರ್ಷ ಇದೆ." ಇಷ್ಟು ಹೇಳುವಾಗ ಅವಳ ದನಿ ಗಟ್ಟಿಯಾಗಿಯೇ ಇತ್ತು. ಆಮೇಲೆ ಮೆಲ್ಲಗೆ ಕೇಳಿದಳು, "ನಿಜವಾಗ್ಲೂ ನೆನಪಿಲ್ವಾ?"

ಗಂಟಕ್ಕ ಇಲ್ಲವೆಂದು ತಲೆ ಆಡಿಸಿದಳು. ನಾದಿನಿ ಬಟ್ಟೆಯನ್ನು ಹಿಂಡಿ ಒಣಹಾಕಿ, ಅಣ್ಣನನ್ನೂ ಮಾತಾಡಿಸದೆ ಹೊರಟುಹೋದಳು.

ಗಂಡ ನಿವೃತ್ತ ಬಸ್ ಡ್ರೈವರ್, ಮಾತು ಕಡಿಮೆ. ಊಟಕ್ಕೆ ಕೂತಾಗ ವಿಷಯ ಕೇಳಿ ತಟ್ಟೆಯಲ್ಲೇ ಕೈ ತೊಳೆದ. ತಾನು ಬಸ್ಸು ಓಡಿಸುವಾಗ ಬ್ರೇಕಿನ ಮೇಲೆ ಒಂದಿಷ್ಟು ಅನುಮಾನ ಬಂದರೂ ಜನರನ್ನು ಇಳಿಸಿಬಿಡುತ್ತಿದ್ದೆ, ಎಷ್ಟೋ ಸಲ ಬ್ರೇಕು ಸರಿಯಾಗಿಯೇ ಇರುತ್ತಿತ್ತು, ಜನ ಬೈದುಕೊಂಡು ನಡೆದುಹೋಗುತ್ತಿದ್ದರು ಎಂದ. ಅಷ್ಟು ಹೇಳಿ ಎದ್ದುಹೋದ.

ಬಸ್ಸಿನಿಂದ ಜನರನ್ನು ಇಳಿಸಬಹುದು, ಇವರನ್ನು ಎಲ್ಲಿ ಇಳಿಸುವುದು? ಗಂಟಕ್ಕನಿಗೆ ಇದ್ದ ಒಂದೇ ಆಸೆ ಆಪತ್ತಿನ ಕೊಡೆ. ನೌಕೆಯಲ್ಲಿ ಇನ್ನೊಂದು ಸಣ್ಣ ಕೊಡೆ ಇರುತ್ತದೆ, ಅದನ್ನು ಬೇರೆ ಕಡೆ ಬೇರೆಯವರು ಮಡಿಸುತ್ತಾರೆ. ಮರುದಿನ ಬೆಳಿಗ್ಗೆ ಹಾಲ್‌ನ ಮುಖ್ಯಸ್ಥರ ಕೋಣೆಗೆ ಹೋಗಿ, ಕೂರಿ ಎಂದರೂ ಕೂರದೆ, ನಿಂತೇ ಹೇಳಿದಳು. ಅವರು ಪೂರ್ತಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಫೋನು ಎತ್ತಿದರು.

ಮಧ್ಯಾಹ್ನದ ಹೊತ್ತಿಗೆ ಅವಳನ್ನು ಹನ್ನೊಂದು ಜನ ಅಧಿಕಾರಿಗಳ ಮುಂದೆ ಕೂರಿಸಿದರು. ಬೈಯುತ್ತಾರೆಂದು ಹೋಗಿದ್ದಳು, ಯಾರೂ ಬೈಯಲಿಲ್ಲ, ಅದು ಇನ್ನೂ ಭಯ ಹುಟ್ಟಿಸಿತು. ಆ ಗಂಟನ್ನು ಹಾಕಿ ತೋರಿಸಿ ಎಂದರು. ಅದೇ ಬಟ್ಟೆ, ಅದೇ ಲಾಡಿ ಕೊಟ್ಟರು. ಹಾಕಿದಳು. ಅದನ್ನು ಎಳೆಯುವ ಯಂತ್ರಕ್ಕೆ ಸಿಕ್ಕಿಸಿ, ಕೊಡೆ ಅರಳುವಾಗ ಬೀಳುವಷ್ಟು ಎಳೆತ ಕೊಟ್ಟರು. ಗಂಟು ಬಿಚ್ಚಲಿಲ್ಲ, ಹರಿಯಲೂ ಇಲ್ಲ. ಸುತ್ತಲಿನ ಬಟ್ಟೆ ಪರ್ರೆಂದು ಸೀಳಿತು. ತನ್ನ ಗಂಟು ಒಮ್ಮೆಯಾದರೂ ಬಿಚ್ಚಲಿ ಎಂದು ಗಂಟಕ್ಕ ಬೇಡಿಕೊಂಡದ್ದು ಜನ್ಮದಲ್ಲಿ ಅದೇ ಮೊದಲು.

ಅಂದರೆ ಲೆಕ್ಕ ಸರಳವಾಗಿತ್ತು. ಗಂಟು ಒಳಗಿದ್ದರೆ ದೊಡ್ಡ ಕೊಡೆ ನೆತ್ತಿಯಲ್ಲಿ ಸೀಳಿ ಚಿಂದಿಯಾಗುತ್ತದೆ. ಮೊದಲು ದೊಡ್ಡದನ್ನು ಬಿಟ್ಟು, ಕೆಟ್ಟರೆ ಸಣ್ಣದನ್ನು ಬಿಡಬಹುದಲ್ಲ ಎಂದು ಗಂಟಕ್ಕ ಕೇಳಿದಳು. ಆ ಚಿಂದಿಯಲ್ಲೇ ಸಣ್ಣದೂ ಸಿಕ್ಕಿಹಾಕಿಕೊಳ್ಳಬಹುದು ಎಂದರು. ಹಾಗಾದರೆ ದೊಡ್ಡದನ್ನು ಬಿಡದೆ ಸಣ್ಣದೊಂದನ್ನೇ ನಂಬಬೇಕು. ಸಣ್ಣದರಲ್ಲಿ ಇಳಿದರೆ ನೆಲ ಜೋರಾಗಿ ಬಡಿಯುತ್ತದೆ. ಮೂಳೆ ಮುರಿಯಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು. ಗಂಟು ಒಳಗಿಲ್ಲದಿದ್ದರೆ ಅದೆಲ್ಲ ಸುಮ್ಮಸುಮ್ಮನೆ. ಅತ್ತ ದರಿ ಇತ್ತ ಪುಲಿ ಎನ್ನುವ ಮಾತನ್ನು ಗಂಟಕ್ಕ ಎಷ್ಟೋ ಸಲ ಆಡಿದ್ದಳು, ಅದರ ನಡುವೆ ಮೂವರನ್ನು ನಿಲ್ಲಿಸುತ್ತೇನೆಂದು ಎಣಿಸಿರಲಿಲ್ಲ.

"ಖಂಡಿತವಾಗಿ ಇದೆ ಅಂತೀರಾ?" ಎಂದು ಅವರಲ್ಲಿ ಹಿರಿಯರು ಕೇಳಿದರು.

"ಖಂಡಿತ ಅಂತ ಹೇಳಕ್ಕಾಗಲ್ಲ ಸರ್. ಬಿಚ್ಚಿದ ನೆನಪಿಲ್ಲ, ಅಷ್ಟೇ ಗೊತ್ತಿರೋದು."

ಆ ಮೇಲೆ ಎರಡು ದಿನ ದೊಡ್ಡವರು ಚರ್ಚೆ ಮಾಡಿದರು. ಒಬ್ಬೊಬ್ಬರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರೆಂದು ಮುಖ್ಯಸ್ಥರೇ ಆಮೇಲೆ ಹೇಳಿದರು. ಕೊನೆಗೆ ಮೇಲಿದ್ದ ನಾಯಕಿಗೇ ವಿಷಯ ತಿಳಿಸಿದರಂತೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ, ಇದನ್ನು ಹೇಳಿದವರು ಯಾರು ಎಂದು. ಕೊಡೆ ಮಡಿಸಿದವರೇ ಬಂದು ಹೇಳಿದರು ಎಂದಾಗ, ಹಾಗಾದರೆ ಸಣ್ಣದರಲ್ಲೇ ಇಳಿಯುತ್ತೇವೆ ಎಂದಳಂತೆ. ಅದನ್ನು ಕೇಳಿದ ಗಂಟಕ್ಕನಿಗೆ ಸಮಾಧಾನ ಆಗಲಿಲ್ಲ. ಆ ಹೆಂಗಸು ತನ್ನ ಮಾತನ್ನು ನಂಬಿಬಿಟ್ಟಳಲ್ಲ ಎಂದು ಹೆದರಿಕೆ ಇಮ್ಮಡಿಯಾಯಿತು.

ಹತ್ತನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಹಾಲ್‌ನಲ್ಲಿ ಟಿ.ವಿ. ಹಚ್ಚಿದರು. ನಾದಿನಿ ಆಚೆ ತುದಿಯಲ್ಲಿ ಕೂತಿದ್ದಳು. ಮೂರು ದಿನದಿಂದ ಊಟದ ಡಬ್ಬಿ ಬೇರೆಯಾಗಿತ್ತು. ತೆರೆಯ ಮೇಲೆ ಖಾಲಿ ಆಕಾಶ, ಆಮೇಲೆ ಒಂದು ಚುಕ್ಕೆ, ಚುಕ್ಕೆಯ ಮೇಲೆ ಸಣ್ಣ ಬಿಳಿ ಕೊಡೆ. ಅರಳಿತು. ಯಾರೋ ಉಸಿರು ಬಿಟ್ಟರು. ಆದರೆ ಗಂಟಕ್ಕನ ಕಣ್ಣಿಗೆ ಅದು ಇಳಿಯುತ್ತಿರುವ ವೇಗ ಕಾಣುತ್ತಿತ್ತು. ನೆಲ ಹತ್ತಿರವಾದಷ್ಟೂ ಆ ವೇಗ ಹೆಚ್ಚಾದಂತೆ ಕಂಡಿತು. ನಿಧಾನ, ನಿಧಾನ ಎಂದು ಅವಳು ತನಗೆ ತಿಳಿಯದೆಯೇ ಬಾಯಿಬಿಟ್ಟು ಹೇಳುತ್ತಿದ್ದಳು. ಧೂಳೆದ್ದಿತು. ಧೂಳು ಇಳಿದಾಗ ನೌಕೆ ಪಕ್ಕಕ್ಕೆ ವಾಲಿತ್ತು.

ಏಳು ನಿಮಿಷ ಒಳಗಿನಿಂದ ಯಾರೂ ಮಾತಾಡಲಿಲ್ಲ. ಆ ಏಳು ನಿಮಿಷದಲ್ಲಿ ಗಂಟಕ್ಕ ಮೂವರನ್ನೂ ತನ್ನ ಕೈಯಾರೆ ಕೊಂದಳು, ಏಳು ಸಲ ಕೊಂದಳು. ಆಮೇಲೆ ಕರಕರ ಸದ್ದಿನ ನಡುವೆ ಒಬ್ಬ ಗಂಡಸಿನ ದನಿ ಬಂತು, ಜೀವ ಇದೆ ಎಂದಿತು, ವೈದ್ಯರನ್ನು ಕಳಿಸಿ ಎಂದಿತು. ಗಂಡಸರಿಬ್ಬರನ್ನು ಹಿಡಿದು ನಡೆಸಿಕೊಂಡು ಬಂದರು. ನಾಯಕಿಯನ್ನು ಹಲಗೆಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದರು. ಬೆನ್ನುಮೂಳೆಗೆ ಪೆಟ್ಟಾಗಿತ್ತು. ಎದ್ದು ನಡೆಯುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು ಎಂದು ಸಂಜೆ ವೈದ್ಯರು ಹೇಳಿದರು.

ಮರುದಿನದಿಂದ ಹಾಲ್‌ನ ಗಾಳಿಯೇ ಬದಲಾಯಿತು. ಇರಲಾರದೆ ಇರುವೆ ಬಿಟ್ಟುಕೊಂಡರು ಎಂದು ಒಬ್ಬಳು ಟೀ ಹೊತ್ತಿನಲ್ಲಿ ಅಂದದ್ದು ಗಂಟಕ್ಕನ ಕಿವಿಗೂ ಬಿತ್ತು. ದೊಡ್ಡ ಕೊಡೆಯ ಚೀಲ ಬಯಲಿನಿಂದ ಬರಲು ಹನ್ನೊಂದು ದಿನ ಬೇಕಾಯಿತು. ಆ ಹನ್ನೊಂದು ದಿನ ಅವಳನ್ನು ತಿಂದದ್ದು ಒಂದೇ ಭಯ: ಗಂಟು ಅಲ್ಲಿಲ್ಲದಿದ್ದರೆ? ಒಬ್ಬ ಹೆಂಗಸಿನ ಬೆನ್ನನ್ನು ತನ್ನ ಮರೆವು ಮುರಿದಂತಾಗುತ್ತದೆ. ಗಂಟು ಇರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದಳು. ಹಾಗೆ ಬೇಡಿಕೊಳ್ಳುವುದಕ್ಕೆ ನಾಚಿಕೆಯೂ ಆಗುತ್ತಿತ್ತು.

ಚೀಲ ಬಂದ ದಿನ ಹನ್ನೊಂದು ಜನರೂ ಕೆಳಗಿಳಿದು ಬಂದು ಮೇಜಿನ ಸುತ್ತ ನಿಂತರು. ಮಡಿಸಿದವರೇ ಬಿಚ್ಚಬೇಕು, ಪಟ್ಟಿ ಓದಿದವರೇ ಓದಬೇಕು ಎನ್ನುವುದು ನಿಯಮ. ನಾದಿನಿ ಪಟ್ಟಿ ಹಿಡಿದು ಪಕ್ಕಕ್ಕೆ ಬಂದಳು, ಅತ್ತಿಗೆಯ ಮುಖ ನೋಡಲಿಲ್ಲ. ಹದಿನೆಂಟನೆಯ ಜಾಗದಿಂದ ಹಿಂದಕ್ಕೆ ಬಿಡಿಸುತ್ತ ಹೋದರು. ಒಂದೊಂದು ಜಾಗ ತೆರೆದಾಗಲೂ ನಾದಿನಿ ಇಲ್ಲಿ ಏನೂ ಇಲ್ಲ ಎಂದು ಓದಿ ಗುರುತು ಹಾಕುತ್ತಿದ್ದಳು. ಒತ್ತಿ ದಿಮ್ಮಿಯಾಗಿದ್ದ ಬಟ್ಟೆ ಪದರ ಪದರವಾಗಿ ಸುಲಿದು ಬರುತ್ತಿತ್ತು. ಎಂಟನೆಯದು. ಏನೂ ಇಲ್ಲ. ಗಂಟಕ್ಕನಿಗೆ ತನ್ನ ಬೆರಳುಗಳು ಬೇರೆ ಯಾರವೋ ಅನ್ನಿಸತೊಡಗಿತು. ಮುಂದಿನ ಪದರವನ್ನು ಎತ್ತಲು ಅವಳಿಗೆ ಧೈರ್ಯ ಸಾಲಲಿಲ್ಲ. ಅವಳು ನಿಂತೇ ಇದ್ದಳು. ನಾದಿನಿ ಪಟ್ಟಿಯನ್ನು ಕೆಳಗಿಟ್ಟು, ಕೈ ಚಾಚಿ, ತಾನೇ ಎತ್ತಿದಳು.

ಬಿಳಿ ಲಾಡಿ. ಒಂದು ಗೇಣಿಗೂ ಕಡಿಮೆ. ಎರಡು ಸುತ್ತು, ಒಂದು ಬಿಗಿ, ಮೇಲೊಂದು ಬಿಗಿ.

ನಾದಿನಿ ಅದನ್ನು ನೋಡುತ್ತ ನೋಡುತ್ತ ನೆಲದ ಮೇಲೆ ಕುಸಿದು ಕೂತಳು. "ನಾನು ಸುಮ್ನಿರಿ ಅಂದಿದ್ದೆ ಅತ್ತಿಗೆ," ಎಂದಳು.

ಅಷ್ಟು ಹೊತ್ತು ಉಸಿರು ಕಟ್ಟಿ ನಿಂತಿದ್ದವರೆಲ್ಲ ಒಮ್ಮೆಲೇ ಮಾತಾಡತೊಡಗಿದರು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಇರುವೆ ಬಿಟ್ಟುಕೊಂಡರು ಎಂದಿದ್ದವಳೇ ಇರಬೇಕು. ಹಿರಿಯರು ಫೋನು ಹಿಡಿದು ಹೊರಗೆ ಓಡಿದರು. ಮುಖ್ಯಸ್ಥರು ಬಂದು ಗಂಟಕ್ಕನ ಎರಡೂ ಕೈ ಹಿಡಿದುಕೊಂಡರು, ಅವರ ಕಣ್ಣು ತುಂಬಿದ್ದವು.

"ಮೂರು ಜೀವ ಉಳಿಸಿದ್ರಿ ಅಮ್ಮಾ," ಎಂದರು.

ಗಂಟಕ್ಕ ಮೇಜಿನ ಮೇಲಿನ ಗಂಟನ್ನು ನೋಡಿದಳು. ಹನ್ನೊಂದು ದಿನ ಬೇಡಿಕೊಂಡದ್ದು ಕಣ್ಣೆದುರಿಗಿತ್ತು.

"ಕಟ್ಟಿದ್ದೂ ನಾನೇ ಅಲ್ವಾ ಸರ್," ಎಂದಳು.

ಮುಖ್ಯಸ್ಥರು ಹಿಡಿದಿದ್ದ ಕೈಗಳನ್ನು ಬಿಟ್ಟರು.